ಮಳೆಕಾಡಿನಲ್ಲಿ ಕಡಕ್ ರೊಟ್ಟಿ

ಹಕ್ಕಿ ನೋಡುವುದಕ್ಕೆ ಎಲ್ಲಕ್ಕಿಂತ ದೊಡ್ಡ ಅಡ್ಡಿ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಹಿಂದೆಮುಂದೆ ನೋಡದೆ ಹೇಳುವ ಉತ್ತರ ಒಂದೇ: ಜೋಳದ ಕಡಕ್ ರೊಟ್ಟಿ. ತಿಂದವರಿಗೆ ನನ್ನ ಮಾತು ಥಟ್ಟನೆ ಅರ್ಥವಾಗುತ್ತದೆ. ತಿನ್ನದವರಿಗೆ ಹೇಳುವುದಾದರೆ, ಕಾಗದದಷ್ಟು ತೆಳ್ಳಗೆ ಬಡಿದು, ಸುಟ್ಟು, ಗರಿಗರಿಯಾಗಿ ಒಣಗಿಸಿ ಇಟ್ಟುಕೊಳ್ಳುವ ರೊಟ್ಟಿ ಅದು. ಒಂದರ ಮೇಲೊಂದು ಪೇರಿಸಿ ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡರೆ ಪ್ರವಾಸಕ್ಕೆ ಅದರಂಥ ಸಂಗಾತಿ ಇಲ್ಲ. ಕೆಡುವುದಿಲ್ಲ, ಸೋರುವುದಿಲ್ಲ, ಕಿಟಕಿ ಪಕ್ಕದ ಸೀಟು ಬೇಕೆಂದು ಹಟ ಮಾಡುವುದಿಲ್ಲ. ಆದರೆ ಮುರಿದಾಗ ಅದು ಮಾಡುವ ಸದ್ದು! ನಮ್ಮ ಗುಡ್ಡದ ಬುಡದಲ್ಲಿ ಕೂತು ನೀವೊಂದು ರೊಟ್ಟಿ ಮುರಿದರೆ ತುದಿಯಲ್ಲಿ ಹಗಲುನಿದ್ದೆ ಮಾಡುತ್ತಿರುವ ಗೂಬೆ ಕಣ್ಣು ಬಿಡುತ್ತದೆ. ಎಷ್ಟೋ ಒಳ್ಳೊಳ್ಳೆಯ ಹಕ್ಕಿಗಳನ್ನು ನಾನು ನನ್ನ ಹಲ್ಲಿನ ಸದ್ದಿನಿಂದಲೇ ಕಳೆದುಕೊಂಡಿದ್ದೇನೆ. ಹಾಗೆಂದು ರೊಟ್ಟಿ ಬಿಟ್ಟು ಬ್ರೆಡ್ಡು ಕಟ್ಟಿಕೊಂಡು ಹೋಗಲು ಮನಸ್ಸು ಒಪ್ಪಬೇಕಲ್ಲ?

ನಾನೊಬ್ಬನೇ ಅಲ್ಲ, ನಾವು ನಾಲ್ವರೂ ಹೀಗೆಯೇ. ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ತಾನೇ ಒಂದು ಜಿಲ್ಲೆಯಾಯಿತಲ್ಲ, ತೊಂಬತ್ತೇಳರಲ್ಲಿ, ಆ ವರ್ಷವೇ ನಾವೂ ತಾಲ್ಲೂಕಿಗೊಬ್ಬರಂತೆ ಕೂಡಿಕೊಂಡೆವು. ಕೊಪ್ಪಳದಿಂದ ಶಾಂತಕ್ಕ, ದವಾಖಾನೆಯಲ್ಲಿ ನರ್ಸಾಗಿದ್ದವರು, ಈಗಲೂ ನಮ್ಮನ್ನೆಲ್ಲ ಇಂಜೆಕ್ಷನ್ ಚುಚ್ಚಿಸಿಕೊಳ್ಳಲು ಬಂದವರ ಹಾಗೆ ಗದರಿಸುತ್ತಾರೆ. ಯಲಬುರ್ಗಾ ಕಡೆಯ ತಳಕಲ್ಲಿನಿಂದ ಬಸಣ್ಣ, ಕೃಷಿ ಇಲಾಖೆಯಲ್ಲಿದ್ದವನು. ಗಂಗಾವತಿಯಿಂದ ಖಾಜಾಸಾಬರು, ಶ್ರೀರಾಮನಗರದ ಹತ್ತಿರ ಒಂದು ಅಕ್ಕಿ ಗಿರಣಿಯಲ್ಲಿ ಮ್ಯಾನೇಜರು. ಕುಷ್ಟಗಿಯಿಂದ ನಾನು, ಹೈಸ್ಕೂಲಿನ ವಿಜ್ಞಾನದ ಮಾಸ್ತರ. ಹಕ್ಕಿ ನೋಡುವುದಕ್ಕಿಂತ ಹಕ್ಕಿಯ ಬಗ್ಗೆ ಪಾಠ ಮಾಡುವುದರಲ್ಲೇ ನನಗೆ ಆಸಕ್ತಿ ಜಾಸ್ತಿ ಎಂದು ಮೂವರೂ ಒಮ್ಮತದಿಂದ ಹೇಳುತ್ತಾರೆ.

ನಮ್ಮ ಕೂಟಕ್ಕೆ ಹೆಸರಿಲ್ಲ, ಚಂದಾ ಇಲ್ಲ, ಅಧ್ಯಕ್ಷರಿಲ್ಲ. ಒಂದು ಕಟ್ಟಳೆ ಮಾತ್ರ ಇದೆ. ಆವತ್ತಿನ ಅಪರೂಪದ ಹಕ್ಕಿಯನ್ನು ಯಾರು ಮೊದಲು ಕಂಡು ಉಳಿದವರಿಗೆ ತೋರಿಸುತ್ತಾರೋ ಅವರಿಗೆ ಬುತ್ತಿಯ ಮೊದಲ ರೊಟ್ಟಿ. ಅದರ ಮೇಲೆ ಶಾಂತಕ್ಕ ಗುರೆಳ್ಳು ಪುಡಿ ಹಾಕಿ, ಬೆಣ್ಣೆಯಿದ್ದರೆ ಬೆಣ್ಣೆ ಇಟ್ಟು, ಎರಡೂ ಕೈಯಲ್ಲಿ ಹಿಡಿದು ಕೊಡುತ್ತಾರೆ. ಅದನ್ನು ಇಸಿದುಕೊಳ್ಳುವಾಗಿನ ಗತ್ತನ್ನು ನೀವು ನೋಡಬೇಕು. ಬರೀ ಕಂಡರೆ ಸಾಲದು, ತೋರಿಸಬೇಕು, ಇನ್ನೊಬ್ಬರಾದರೂ ನೋಡಿರಬೇಕು ಎಂಬ ಷರತ್ತು ನನ್ನದು. ಬಸಣ್ಣ ಮೊದಮೊದಲು ಬೇರೆ ಯಾರೂ ನೋಡದ ಹಕ್ಕಿಗಳನ್ನೇ ಹೆಚ್ಚಾಗಿ ನೋಡುತ್ತಿದ್ದ, ಅದಕ್ಕಾಗಿ ಇದನ್ನು ಸೇರಿಸಬೇಕಾಯಿತು.

ಈ ಷರತ್ತಿಗೆ ಸಿಕ್ಕಿಕೊಂಡವರು ಮಾತ್ರ ಖಾಜಾಸಾಬರು. ಗಿರಣಿಯ ಮೋಟಾರು, ಬೆಲ್ಟು, ಜರಡಿಗಳ ಗದ್ದಲದಲ್ಲಿ ಒಂದು ಆಯುಷ್ಯವನ್ನೇ ಕಳೆದವರು ಅವರು. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಹೋಗುವ ತಯಾರಿಯಲ್ಲಿತ್ತು. ಕಿವಿ ಕಡಿಮೆಯಾದಷ್ಟೂ ದನಿ ದೊಡ್ಡದಾಗುತ್ತದೆ ನೋಡಿ, ಪಿಸುಮಾತು ಎನ್ನುವುದು ಅವರಿಗೆ ಮರೆತೇಹೋಗಿತ್ತು. ಕಣ್ಣೇನೋ ಚುರುಕು. ಆನೆಗೊಂದಿಯ ಬಂಡೆಗಳ ನಡುವೆ ಹಳದಿ ಕೊರಳಿನ ಪಿಕಳಾರ ಹುಡುಕುತ್ತಾ ನಾವು ಒಂದಿಡೀ ಬೆಳಗು ಬಿಸಿಲು ಕುಡಿದಿದ್ದೆವು. ದೇಶದ ಮೂಲೆಮೂಲೆಯಿಂದ ಜನ ಈ ಹಕ್ಕಿಗಾಗಿ ನಮ್ಮ ಕಡೆಯ ಗುಡ್ಡಗಳಿಗೆ ಬರುತ್ತಾರೆ. ಕೊನೆಗೆ ಅದನ್ನು ಕಂಡವರು ಖಾಜಾಸಾಬರೇ. ಕಂಡವರು ಸುಮ್ಮನಿರಬೇಕಲ್ಲ, “ಅಗಾ, ಅಲ್ಲೈತಿ ನೋಡ್ರೀ!” ಎಂದು ಕೂಗಿದರು. ಪಿಕಳಾರ ಹೋಯಿತು. ಅದರ ಹಿಂದೆ ಎರಡು ಬೆಳವ, ಒಂದು ಗೌಜಲಕ್ಕಿ, ಪಕ್ಕದ ಗುಡ್ಡದ ಒಂದು ಹಿಂಡು ಆಡು, ಎಲ್ಲವೂ ಹೋದವು. ಪ್ರತಿಸಲವೂ ಇದೇ ಕತೆ. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಸಲವೂ ಅವರಿಗೆ ಮೊದಲ ರೊಟ್ಟಿ ಸಿಕ್ಕಿರಲಿಲ್ಲ.

ಗಿರಣಿಯ ಬಗ್ಗೆ ಇಲ್ಲಿ ಒಂದೆರಡು ಮಾತು ಹೇಳಬೇಕು. ಮಷೀನು ನಡೆಯುವಾಗ ಅಲ್ಲಿ ಯಾರೂ ಬಾಯಲ್ಲಿ ಮಾತಾಡುವುದಿಲ್ಲ, ಆಡಿದರೂ ಕೇಳುವುದಿಲ್ಲ. ಎಲ್ಲವೂ ಕೈಸನ್ನೆ. ಅಂಗೈ ಮಲಗಿಸಿ ತೋರಿಸಿದರೆ ‘ನಿಲ್ಲಿಸು, ಅಲುಗಾಡಬೇಡ’ ಎಂದರ್ಥ. ಹೆಬ್ಬೆಟ್ಟು ಹಿಂದಕ್ಕೆ ಮಾಡಿದರೆ ‘ಆ ಕಡೆ ನೋಡು’. ಮನುಷ್ಯರಿಗೂ ಸನ್ನೆಯ ಹೆಸರುಗಳಿವೆ. ಮೀಸೆ ತೀಡಿದರೆ ಮಾಲಕರು, ಎರಡೂ ಕೈ ತಕ್ಕಡಿಯಂತೆ ತೂಗಿದರೆ ತೂಕ ಮಾಡುವವ. ಎಡಗಿವಿ ಮುಟ್ಟಿಕೊಂಡರೆ ಮ್ಯಾನೇಜರು. ಈ ಕೊನೆಯ ಸನ್ನೆ ಖಾಜಾಸಾಬರಿಗೆ ಗೊತ್ತಿತ್ತು. ಅವರೆದುರು ಯಾರೂ ಮಾಡುತ್ತಿರಲಿಲ್ಲ, ಆದರೆ ಗಾಜಿನ ಕೋಣೆಯಲ್ಲಿ ಕೂತವರಿಗೆ ಕೆಳಗಿನದೆಲ್ಲ ಕಾಣುತ್ತದೆ. ಒಮ್ಮೆ ನಾನು ಪಕ್ಕದಲ್ಲಿದ್ದಾಗ ಹಮಾಲನೊಬ್ಬ ಕಿವಿ ಮುಟ್ಟಿಕೊಂಡಿದ್ದನ್ನು ಇಬ್ಬರೂ ನೋಡಿದೆವು. ಅವರು ಚಾ ತರಿಸಲು ಎದ್ದು ಹೋದರು. ನನಗೆ ಸಂಕಟವಾಯಿತು.

ಶ್ರೀಲಂಕಾಕ್ಕೆ ಹೋಗೋಣ ಎಂದವರು ಶಾಂತಕ್ಕ. ಅವರೂ ಬಸಣ್ಣನೂ ನಾನೂ ನಿವೃತ್ತರಾಗಿ ಮನೆಯವರಿಗೆ ಬೇಸರ ತರಿಸತೊಡಗಿದ್ದ ಕಾಲ ಅದು. “ಬಯಲಾಗ ನೋಡಿದ್ದು ಸಾಕ್ರಿ. ಒಮ್ಮೆ ಖರೇ ಅಡವಿ ನೋಡಿ ಬರೋಣ” ಎಂದರು. ಸಿಂಹರಾಜ ಎಂಬ ಮಳೆಕಾಡು ಅಲ್ಲಿದೆ, ಆ ದ್ವೀಪ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇಲ್ಲದ ಹಕ್ಕಿಗಳು ಅದರಲ್ಲಿವೆ ಎಂದು ನಾನು ಪಾಠ ಮಾಡಿದೆ. ಖಾಜಾಸಾಬರು ಗಿರಣಿಗೆ ರಜಾ ಹಾಕಿ ಹೊರಟೇಬಿಟ್ಟರು. ಬೆಂಗಳೂರಿನ ಬಸ್ಸಿನಲ್ಲಿ ನನ್ನ ಪಕ್ಕ ಕೂತು, ಅವರ ಮಟ್ಟಿಗೆ ಮೆಲ್ಲಗೆ, ಅಂದರೆ ಡ್ರೈವರಿಗೂ ಕೇಳುವ ಹಾಗೆ ಹೇಳಿದರು:

“ಮಾಸ್ತರ, ಡಾಕ್ಟರು ಈ ಕಿವಿನೂ ಹೋಗ್ತೈತಿ ಅಂದಾರ. ಒಂದು ಹಕ್ಕಿ ನಾ ತೋರಿಸಿ ನೀವು ನೋಡಬೇಕು. ಒಂದ ಒಂದು. ಈ ಸಲಾನೂ ಆಗ್ಲಿಲ್ಲ ಅಂದ್ರ ಇನ್ನ ಮ್ಯಾಲ ನಿಮ್ಮ ಕೂಡ ಬರೂದಿಲ್ಲ. ನಿಮ್ಮ ಹಕ್ಕಿ ನಾನ ಎಷ್ಟಂತ ಓಡಸ್ಲಿ?”

ಏನಾದರೂ ಹಾಸ್ಯ ಮಾಡಿ ಮಾತು ಮರೆಸಲು ನೋಡಿದೆ. ಸಾಧ್ಯವಾಗಲಿಲ್ಲ. ಬಸ್ಸಿನ ಉಳಿದ ಪ್ರಯಾಣಿಕರೂ ನನ್ನ ಉತ್ತರಕ್ಕೆ ಕಿವಿಗೊಟ್ಟು ಕೂತಿದ್ದರು.

ಇಷ್ಟು ಗಂಭೀರವಾಗಿ ಹೊರಟ ಪ್ರವಾಸಕ್ಕೆ ನಾವು ಮಾಡಿಕೊಂಡ ದೊಡ್ಡ ತಯಾರಿ ಯಾವುದೆಂದು ಊಹಿಸಿ. ಶಾಂತಕ್ಕ ದೊಡ್ಡದೊಂದು ಗಂಟು ಕಡಕ್ ರೊಟ್ಟಿ ಕಟ್ಟಿದ್ದರು. ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಕೆಂಪು ಖಾರ ಬೇರೆ. ಮಳೆಕಾಡು ಎಂಬ ಪದದಲ್ಲಿ ಮಳೆ ಎಂಬ ಪದವಿದೆ ಎನ್ನುವುದು ವಿಜ್ಞಾನದ ಮಾಸ್ತರನಾದ ನನಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ನಮ್ಮೂರಿನ ಗಾಳಿಯಲ್ಲಿ ಒಗೆದ ಪಂಚೆ ಹಿಂಡುವಷ್ಟರಲ್ಲಿ ಒಣಗುತ್ತದೆ. ವಿಮಾನ ನಿಲ್ದಾಣದಲ್ಲಿ ಗಂಟನ್ನು ಯಂತ್ರದೊಳಗೆ ಕಂಡ ಅಧಿಕಾರಿ ಇದೇನು ಎಂದು ಕೇಳಿದ. ಶಾಂತಕ್ಕ ಉತ್ತರ ಕೊಡುವ ಬದಲು ಒಂದು ರೊಟ್ಟಿ ತೆಗೆದು ಅವನ ಮುಂದೆ ಫಟ್ ಎಂದು ಮುರಿದರು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಒಂದು ಚೂರು ಅವನ ಕೈಗಿಟ್ಟು, “ತಿಂದು ನೋಡಪ್ಪಾ, ಜ್ವಾಳ” ಎಂದರು. ಅವನು ತಿನ್ನಲಿಲ್ಲ, ಆದರೆ ಒಳಗೆ ಬಿಟ್ಟ.

ಬಯಲುಸೀಮೆಯವನು ಮಳೆಕಾಡು ಹೊಕ್ಕರೆ ಅವನಿಗೆ ಮೊದಲು ಆಗುವುದು ಅವಮಾನ. ನಮ್ಮಲ್ಲಿ ಹಕ್ಕಿಯನ್ನು ಕುಷ್ಟಗಿ ತಾಲ್ಲೂಕಿನಲ್ಲಿ ನಿಂತು ನೋಡಲು ಶುರು ಮಾಡಿದರೆ ಅದು ಯಲಬುರ್ಗಾ ತಾಲ್ಲೂಕು ದಾಟುವವರೆಗೂ ಕಾಣುತ್ತಿರುತ್ತದೆ. ಹೆಸರು ನೆನಪಾಗದಿದ್ದರೆ ಕೂತು, ನೀರು ಕುಡಿದು, ನೆನಪಿಸಿಕೊಳ್ಳಬಹುದು. ಇಲ್ಲಿ ಮೂರು ಮಾರು ಆಚೆಗೆ ಏನೂ ಕಾಣುವುದಿಲ್ಲ. ಮರದ ಮೇಲೆ ಬಳ್ಳಿ, ಬಳ್ಳಿಯ ಮೇಲೆ ಪಾಚಿ, ಪಾಚಿಯ ಮೇಲೆ ಇನ್ನೇನೋ ಚಿಗುರು. ಆಕಾಶ ಎನ್ನುವುದು ಅಲ್ಲೊಂದು ಇಲ್ಲೊಂದು ತೂತು. ಹಕ್ಕಿಗಳು ಎಲ್ಲ ಜಾತಿಯವೂ ಸೇರಿ ದಿಬ್ಬಣ ಕಟ್ಟಿಕೊಂಡು ಬರುತ್ತವೆ. ಆದರೆ ತೆಂಗಿನ ಮರದ ಎರಡರಷ್ಟು ಎತ್ತರದಲ್ಲಿ, ಬೆಳಕಿಗೆ ಬೆನ್ನು ಮಾಡಿಕೊಂಡು. ದುರ್ಬೀನು ಎತ್ತಿ ಎತ್ತಿ ನನ್ನ ಕುತ್ತಿಗೆ ಹಿಂದಕ್ಕೆ ಹೋದದ್ದು ಮುಂದಕ್ಕೆ ಬರಲೇ ಇಲ್ಲ. ಮೂರು ದಿನ ನಾನು ನೋಡಿದ್ದು ಬಹುಪಾಲು ಹಕ್ಕಿಗಳ ಬಾಲದ ತಳಭಾಗ. ಅಷ್ಟರಲ್ಲಿ ಜಿಗಣೆಗಳು ಕೆಳಗಿನಿಂದ ನಮ್ಮನ್ನು ಶ್ರದ್ಧೆಯಿಂದ ನೋಡುತ್ತಿದ್ದವು.

ಹಾಗೆಂದು ಏನೂ ಕಾಣಲಿಲ್ಲವೆಂದಲ್ಲ. ನಮ್ಮ ದಾರಿತೋರುಗ ಸುನಿಲ್ ಎಂಬವರು, ನಗುಮೊಗದ ಸಿಂಹಳೀಯರು, ನೀಲಿ ಮೈ, ಕಂದು ತಲೆ, ಕೆಂಪು ಕೊಕ್ಕಿನ ಉದ್ದ ಬಾಲದ ಕಾಡುಮಟಪಕ್ಷಿಯನ್ನು ತೋರಿಸಿದಾಗ ಬಸಣ್ಣ ಕೈಮುಗಿದುಬಿಟ್ಟ. ಆದರೆ ಅವರು ಎಲ್ಲವನ್ನೂ ಹುಡುಕುತ್ತಿದ್ದುದು ಕಿವಿಯಿಂದ. ನಿಂತು, ಕಣ್ಣು ಮುಚ್ಚಿ, ಎಲ್ಲೋ ಒಂದು ‘ಚಿಕ್’ ಕೇಳಿ, ಆ ಕಡೆ ಬೆರಳು ತೋರಿಸುತ್ತಿದ್ದರು. ಖಾಜಾಸಾಬರ ಪಾಲಿಗೆ ಆ ಕಾಡು ಗಿರಣಿಗಿಂತಲೂ ಮೂಕವಾಗಿತ್ತು. ಎಲ್ಲರೂ ತಲೆಯೆತ್ತಿದಾಗ ಅವರೂ ಎತ್ತುತ್ತಿದ್ದರು, ಇಳಿಸಿದಾಗ ಇಳಿಸುತ್ತಿದ್ದರು. ಕಟ್ಟಳೆ ಪ್ರಕಾರ ದಿನವೂ ಮೊದಲ ರೊಟ್ಟಿ ಸುನಿಲರಿಗೇ ಹೋಯಿತು. ಅದೇನು ಮರ್ಯಾದೆಯೋ ತಿಳಿಯದೆ ಅವರು ಅದನ್ನು ಬಾಗಿ ಇಸಿದುಕೊಂಡು ಚೀಲದಲ್ಲಿಟ್ಟುಕೊಳ್ಳುತ್ತಿದ್ದರು.

ಅವರಿಗೂ ತೋರಿಸಲಾಗದ ಹಕ್ಕಿಯೊಂದಿತ್ತು. ಆ ದ್ವೀಪದ ಚಿಟ್ಟುಕೋಳಿ. ನಮ್ಮ ಗುಡ್ಡಗಳಲ್ಲೂ ಅದರ ದಾಯಾದಿಗಳಿವೆ, ಕಾಲಿಗೆ ಮುಳ್ಳಿರುವ, ಪೊದೆಯಿಂದ ಪೊದೆಗೆ ಓಡುವ ಕೋಳಿಗಳು. ಇವರ ಭಾಷೆಯಲ್ಲಿ ಅದು ‘ಹಬನ್ ಕುಕುಳಾ’ ಎಂದು ಸುನಿಲ್ ಹೇಳಿದಾಗ ಸಂಸ್ಕೃತದ ಕುಕ್ಕುಟದಿಂದ ಹಿಡಿದು ನಾನು ಒಂದು ಪಾಠ ಆರಂಭಿಸಿದೆ, ಶಾಂತಕ್ಕ ಅರ್ಧಕ್ಕೆ ನಿಲ್ಲಿಸಿದರು. ದಿನವೂ ಅದರ ಕೂಗು ಕೇಳುತ್ತಿತ್ತು, ಮೆಟ್ಟಿಲು ಹತ್ತಿದಂತೆ ಏರುವ ಸಿಳ್ಳು, ಒಂದು ಕೂಗಿದರೆ ಜೋಡಿ ಉತ್ತರ ಕೊಡುತ್ತಿತ್ತು. ಕಾಣುತ್ತಿರಲಿಲ್ಲ. ವರ್ಷಗಟ್ಟಲೆ ಬಂದವರೂ ಕೂಗಷ್ಟೇ ಕೇಳಿ ಹೋಗುತ್ತಾರೆ ಎಂದರು ಸುನಿಲ್. ಖಾಜಾಸಾಬರು ನನ್ನ ಮುಖ ನೋಡಿ, “ಏನಂತ?” ಎಂದು ಕೇಳಿದರು. ಕೋಳಿ ಕೂಗುತ್ತಿದೆ ಎಂದೆ. “ಹೌದೇನು” ಎಂದು ಬೂಟಿನ ಲೇಸು ಕಟ್ಟಿಕೊಳ್ಳಲು ಬಗ್ಗಿದರು. ಗಂಗಾವತಿಯಿಂದ ಸಮುದ್ರ ದಾಟಿ ಬಂದು ಆ ಮನುಷ್ಯ ಬರೀ ಲೇಸು ಕಟ್ಟಿಕೊಳ್ಳುತ್ತಿದ್ದಾರಲ್ಲ ಎಂದು ನನಗೆ ಅಳುವೇ ಬಂದಂತಾಯಿತು.

ಇತ್ತ ರೊಟ್ಟಿಯ ಗತಿ ಕೇಳಿ. ಮೊದಲ ದಿನ ಅದು ಮುರಿಯಿತು. ಎರಡನೆಯ ದಿನ ಬಾಗಿತು. ಮೂರನೆಯ ದಿನ ಶಾಂತಕ್ಕ ಗಂಟು ಬಿಚ್ಚಿದಾಗ ರೊಟ್ಟಿಗಳು ಹಸಿ ಚರ್ಮದ ಹಾಗೆ ಜೋತುಬಿದ್ದವು. ಜೀವಮಾನದಲ್ಲಿ ಇಂಥ ಸೋಲನ್ನು ಅವರು ಕಂಡಿರಲಿಲ್ಲ. “ಅಯ್ಯ ಶಿವನ! ನನ್ನ ರೊಟ್ಟಿ ಮೆತ್ತಗಾಗ್ಯಾವ! ಊರಾಗ ಯಾರ ಮುಂದೂ ಹೇಳಬ್ಯಾಡ್ರಿ ಮತ್ತ” ಎಂದರು. ಜಿಗಣೆ ಕಡಿದಾಗಲೂ ಹೆದರದಿದ್ದ ಹೆಂಗಸು ಆ ರೊಟ್ಟಿ ನೋಡಿ ಮುಖ ಸಣ್ಣದು ಮಾಡಿಕೊಂಡರು.

ಕೊನೆಯ ದಿನ ಬೆಳಗಿನಿಂದಲೂ ಮಳೆ. ಒಂದು ಹಕ್ಕಿಯೂ ಇಲ್ಲ. ಮಧ್ಯಾಹ್ನ ಮಳೆ ನಿಂತಾಗ ಕಾಲುದಾರಿಯ ತಿರುವಿನಲ್ಲಿ ಬಿದ್ದ ಮರವೊಂದರ ಮೇಲೆ ಸಾಲಾಗಿ ಕೂತೆವು. ಸಂಜೆಗೆ ವಾಪಸು ಹೊರಡಬೇಕು. ಸುನಿಲ್ ಕೂಡ ಸೋತ ಮುಖ ಮಾಡಿದ್ದರು. ಶಾಂತಕ್ಕ ಗಂಟು ಬಿಚ್ಚಿ, “ಇವತ್ತ ಮೊದಲ ರೊಟ್ಟಿ ಯಾರಿಗೂ ಇಲ್ಲ, ಸುಮ್ನ ತಿನ್ರಿ” ಎಂದು ಎಲ್ಲರಿಗೂ ಒಂದೊಂದು ಕೊಟ್ಟರು. ಖಾಜಾಸಾಬರು ಎಂದಿನಂತೆ ಎಡತುದಿಯಲ್ಲಿ ಕೂತಿದ್ದರು. ನಮ್ಮ ಮಾತು ಬಲಗಿವಿಗೆ ಬೀಳಲೆಂದು ಅವರು ಯಾವಾಗಲೂ ಮುಖವನ್ನು ಆಚೆಗೆ ಹೊರಳಿಸಿ ಕೂರುತ್ತಾರೆ. ನೋಡುವವರಿಗೆ ನಮ್ಮ ಮೇಲೆ ಮುನಿಸಿಕೊಂಡಂತೆ ಕಾಣುತ್ತದೆ.

ನಾವು ತಿನ್ನತೊಡಗಿದೆವು. ಆಗ ಒಂದು ವಿಚಿತ್ರ ನಡೆಯಿತು, ಅಂದರೆ ಏನೂ ನಡೆಯಲಿಲ್ಲ. ನಾಲ್ಕು ಜನ ಉತ್ತರ ಕರ್ನಾಟಕದವರು ಒಟ್ಟಿಗೆ ರೊಟ್ಟಿ ತಿನ್ನುತ್ತಿದ್ದಾರೆ, ಕಟಂ ಇಲ್ಲ, ಕುಟುಂ ಇಲ್ಲ. ಮೆತ್ತನೆಯ ರೊಟ್ಟಿಯನ್ನು ಮೆಲ್ಲಗೆ ಹರಿದು, ನಾಚಿಕೆಯಿಂದ ಅಗಿಯುತ್ತಿದ್ದೆವು. ಎಲೆಗಳಿಂದ ನೀರು ತೊಟ್ಟಿಕ್ಕುವುದಷ್ಟೇ ಕೇಳುತ್ತಿತ್ತು. ಅಷ್ಟು ಹೊತ್ತು ಅಷ್ಟು ಸುಮ್ಮನೆ ನಾವು ಬಾಳಿನಲ್ಲೇ ಕೂತಿರಲಿಲ್ಲ.

ಆಗ ನನ್ನ ಕಣ್ಣಿಗೆ ಖಾಜಾಸಾಬರ ಬಲಗೈ ಬಿತ್ತು. ರೊಟ್ಟಿ ಎಡಗೈಯಲ್ಲಿ ಹಾಗೆಯೇ ಇತ್ತು, ಮುಟ್ಟಿರಲಿಲ್ಲ. ಬಲಗೈಯ ಅಂಗೈ ಮೊಣಕಾಲಿನ ಪಕ್ಕದಲ್ಲಿ ಮಲಗಿತ್ತು. ನಿಲ್ಲಿಸು, ಅಲುಗಾಡಬೇಡ. ನಾನು ಅಗಿಯುವುದನ್ನು ನಿಲ್ಲಿಸಿ ಶಾಂತಕ್ಕನ ತೋಳು ಒತ್ತಿದೆ, ಅವರು ಬಸಣ್ಣನನ್ನು ತಿವಿದರು. ಇಷ್ಟು ವರ್ಷದ ಒಡನಾಟದಲ್ಲಿ ಆ ಸನ್ನೆ ನಮಗೆಲ್ಲ ಗೊತ್ತಿತ್ತು. ಹೆಬ್ಬೆಟ್ಟು ಮೆಲ್ಲಗೆ ಜರೀಗಿಡಗಳ ಕಡೆ ತಿರುಗಿತು. ಆಮೇಲೆ ಗಿರಣಿಯಲ್ಲಿಲ್ಲದ ಒಂದು ಸನ್ನೆ ಬಂತು, ಆ ಕ್ಷಣಕ್ಕೆ ಹುಟ್ಟಿದ್ದು. ತೋರುಬೆರಳು, ನಡುಬೆರಳು ಎರಡೂ ಅವರ ತೊಡೆಯ ಮೇಲೆ ಒಂದೊಂದೇ ಹೆಜ್ಜೆಯಿಟ್ಟು ನಡೆದವು, ನಿಂತವು, ಮತ್ತೆ ನಡೆದವು. ಅವರ ಕುತ್ತಿಗೆಯ ನರ ಉಬ್ಬಿತ್ತು. ಕೂಗು ಗಂಟಲಿಗೆ ಬಂದು ನಿಂತಿತ್ತು, ಅದನ್ನು ಅವರು ಹಲ್ಲು ಕಚ್ಚಿ ಹಿಡಿದಿದ್ದರು. ಆ ಮನುಷ್ಯನ ಬಾಯಿಂದ ‘ಅಗಾ’ ಎಂಬ ಒಂದು ಮಾತು ಹೊರಬಿದ್ದರೂ ಮುಗಿಯಿತು. ನಾನು ಹಕ್ಕಿಗಿಂತ ಮೊದಲು ಅವರ ಬಾಯನ್ನೇ ನೋಡುತ್ತಿದ್ದೆ.

ಬೀಳಲಿಲ್ಲ. ಜರೀಗಿಡ ಸರಿಯಿತು, ಚಿಟ್ಟುಕೋಳಿ ಹೊರಗೆ ಬಂತು. ಕೆಂಪು ಕಾಲು, ಕಣ್ಣ ಸುತ್ತ ಕೆಂಪು, ಕಪ್ಪು ಕೊರಳಿನ ಮೇಲೆ ಅಕ್ಕಿ ಚೆಲ್ಲಿದಂತೆ ಬಿಳಿ ಚುಕ್ಕಿ. ಅದರ ಹಿಂದೆ ಕಂದು ಹೆಣ್ಣು. ಎರಡೂ ಕಾಲುದಾರಿಯ ನಡುವೆ ಬಂದು, ಒದ್ದೆ ಎಲೆ ಕೆದರಿ, ಹುಳ ತಿಂದು, ನಮ್ಮನ್ನು ಬಿದ್ದ ಮರದ ಭಾಗವೆಂದೇ ತಿಳಿದು ನಮ್ಮ ಎದುರಿನಿಂದಲೇ ದಾಟಿದವು. ಕುತ್ತಿಗೆ ಎತ್ತಬೇಕಾಗಿರಲಿಲ್ಲ, ದುರ್ಬೀನು ಬೇಕಾಗಿರಲಿಲ್ಲ. ನೆಲದ ಮೇಲಿನ ಹಕ್ಕಿಯನ್ನು ನೆಲ ನೋಡಿಯೇ ಅಭ್ಯಾಸವಿದ್ದ ಬಯಲುಸೀಮೆಯ ನಾವು ನೋಡಿದೆವು.

ಕೋಳಿಗಳು ಆಚೆ ಪೊದೆ ಹೊಕ್ಕು, ಎಲೆ ಅಲುಗುವುದೂ ನಿಂತ ಮೇಲೆ ಖಾಜಾಸಾಬರು ಮೆಲ್ಲಗೆ ನಮ್ಮ ಕಡೆ ತಿರುಗಿದರು. ನಮ್ಮೆಲ್ಲರ ಮುಖ ನೋಡಿ, ಆದರೂ ನಂಬಿಕೆಯಾಗದೆ, ಎರಡು ಹುಬ್ಬು ಏರಿಸಿ ಕೇಳಿದರು: ನೋಡಿದಿರಾ? ನಾವು ಮೂವರೂ ತಲೆಯಾಡಿಸಿದೆವು. ಆಗ ಅವರು ಬಾಯಿ ಬಿಟ್ಟರು. “ನಾ ತೋರಿಸಿದ್ದು! ನಾ ತೋರಿಸಿದ್ದರೀ!” ಆ ಕೂಗಿಗೆ ಸಿಂಹರಾಜದ ಹಕ್ಕಿಗಳೆಲ್ಲ ಒಮ್ಮೆ ಎದ್ದು ಕೂತಿರಬೇಕು. ಮೂರು ದಿನದಲ್ಲಿ ಹುಡುಕಿಯೂ ಸಿಗದ ಎಷ್ಟೋ ಹಕ್ಕಿಗಳು ಆಗ ನಮ್ಮ ತಲೆಯ ಮೇಲೆ ಹಾರಿ ಹೋದವು, ಯಾರೂ ನೋಡಲಿಲ್ಲ. ಬಸಣ್ಣ ಅವರನ್ನು ಎತ್ತಿ ಒಂದು ಸುತ್ತು ತಿರುಗಿಸಿದ, ಇಬ್ಬರೂ ಕೆಸರಿನಲ್ಲಿ ಬಿದ್ದರು. ಸುನಿಲ್ ನಗುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದರು.

ಶಾಂತಕ್ಕ ಮಾತ್ರ ಕಟ್ಟಳೆ ಮರೆಯಲಿಲ್ಲ. ಖಾಜಾಸಾಬರ ಎಡಗೈಯಲ್ಲಿ ಇನ್ನೂ ಜೋತಾಡುತ್ತಿದ್ದ ರೊಟ್ಟಿಯನ್ನು ಕಿತ್ತುಕೊಂಡು, ಒರೆಸಿ, ಉಳಿದ ಗುರೆಳ್ಳು ಪುಡಿಯನ್ನೆಲ್ಲ ಅದರ ಮೇಲೆ ಸುರಿದು, ಎರಡೂ ಕೈಯಲ್ಲಿ ಹಿಡಿದು ಮತ್ತೆ ಕೊಟ್ಟರು. “ತಗೋರಿ ಸಾಬ್ರ, ಮೊದಲ ರೊಟ್ಟಿ. ಮೆತ್ತಗಾಗೈತಿ, ಬೈಬ್ಯಾಡ್ರಿ.” ಕೆಸರು ಮೆತ್ತಿದ ಮುಖದಲ್ಲೇ ಅವರು ಅದನ್ನು ಇಡಿಯಾಗಿ ತಿಂದರು. ತಿಂದು, “ಶಾಂತಕ್ಕಾ, ಇಷ್ಟ ಛಲೋ ರೊಟ್ಟಿ ನೀವು ಎಂದೂ ಮಾಡಿಲ್ರಿ” ಎಂದರು. ಊರಲ್ಲಿ ಯಾರ ಮುಂದೂ ಹೇಳಬೇಡಿ ಎಂದವರು ಈಗ ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ. ಈಗೀಗ ಗುಡ್ಡಕ್ಕೆ ಹೊರಡುವಾಗ ಗಂಟು ಕಟ್ಟುವ ಮೊದಲು ರೊಟ್ಟಿಗೆ ನೀರು ಚಿಮುಕಿಸುತ್ತಾರೆ.

ಬಂದು ಕೆಲವು ವಾರಗಳ ಮೇಲೆ ಖಾಜಾಸಾಬರನ್ನು ಕಾಣಲೆಂದು ನಾನು ಗಿರಣಿಗೆ ಹೋದೆ. ಸುಗ್ಗಿಯ ಕಾಲ, ಮಷೀನುಗಳ ಅಬ್ಬರದಲ್ಲಿ ನನ್ನ ಹೆಸರು ನನಗೇ ಕೇಳುತ್ತಿರಲಿಲ್ಲ. ಗಾಜಿನ ಕೋಣೆ ಖಾಲಿಯಿತ್ತು. ತೌಡು ಗುಡಿಸುತ್ತಿದ್ದ ಒಬ್ಬ ಹೆಣ್ಣುಮಗಳನ್ನು ಕಂಡು, ಮ್ಯಾನೇಜರು ಎಲ್ಲಿ ಎಂದು ಕೇಳಲು ನಾನು ಬೇರೆ ಸನ್ನೆ ತಿಳಿಯದೆ ನನ್ನ ಎಡಗಿವಿಯ ಕಡೆ ಕೈ ಒಯ್ದೆ. ಅವಳು ನನ್ನನ್ನು ಏನೂ ಗೊತ್ತಿಲ್ಲದ ಪರಊರಿನವನನ್ನು ನೋಡುವಂತೆ ನೋಡಿದಳು. ಕಸಬರಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಅಲ್ಲ ಎಂದು ತಲೆಯಾಡಿಸಿ, ಎಡ ಅಂಗೈಯನ್ನು ಮಲಗಿಸಿ ಅದರ ಮೇಲೆ ಬಲಗೈಯ ಎರಡು ಬೆರಳನ್ನು ಒಂದೊಂದೇ ಹೆಜ್ಜೆಯಿಟ್ಟು ನಡೆಸಿದಳು, ನಿಲ್ಲಿಸಿದಳು, ಮತ್ತೆ ನಡೆಸಿದಳು. ಆಮೇಲೆ ಹೆಬ್ಬೆಟ್ಟಿನಿಂದ ಗೋದಾಮಿನ ಕಡೆ ತೋರಿಸಿದಳು.